ಬಕೀಟಿನ ಬಾಯಿ

ನಮ್ಮ ಹೈಸ್ಕೂಲಿನಲ್ಲಿ ಯಾರಿಗೂ ಬೇಡವಾದ ಟಪಾಲು ಕೊನೆಗೆ ನನ್ನ ಮೇಜಿನ ಮೇಲೆ ಬಂದು ಬೀಳುತ್ತಿತ್ತು. ಬೀಜದ ಅಂಗಡಿಯ ಪಟ್ಟಿ, ಮಸಿ ಕಾರಖಾನೆಯ ಜಾಹೀರಾತು, ಹಲ್ಲುಪುಡಿಯ ಮಹಿಮೆ ಸಾರುವ ಕರಪತ್ರ. ಒಂದು ಬದಿ ಖಾಲಿ ಇದ್ದ ಕಾಗದವೆಲ್ಲ ಡ್ರಾಯಿಂಗ್ ಮಾಸ್ತರನ ಪಾಲು ಎಂಬುದು ಅಲ್ಲಿನ ಅಲಿಖಿತ ಕಾನೂನು. ಹುಬ್ಬಳ್ಳಿಯ ಆ ಶಾಲೆಯ ಗೌರವದ ಏಣಿಯಲ್ಲಿ ಡ್ರಾಯಿಂಗ್ ಮಾಸ್ತರ ಡ್ರಿಲ್ ಮಾಸ್ತರನಿಗಿಂತ ಒಂದು ಮೆಟ್ಟಿಲು ಮೇಲಿದ್ದ, ಗಂಟೆ ಬಾರಿಸುವ ಸಿಪಾಯಿಗಿಂತ ಎರಡು ಮೆಟ್ಟಿಲು ಕೆಳಗಿದ್ದ. ಸಿಪಾಯಿ ಕೈ ಎತ್ತಿದರೆ ಇಡೀ ಶಾಲೆ ಎದ್ದು ನಿಲ್ಲುತ್ತಿತ್ತು. ನಾನು ಕೈ ಎತ್ತಿದರೆ ಪೆನ್ಸಿಲು ಹಿಡಿದು ಏನೋ ಅಳೆಯುತ್ತಿದ್ದೇನೆಂದು ಹುಡುಗರು ಸುಮ್ಮನಾಗುತ್ತಿದ್ದರು.

ನಾವಿನ್ನೂ ಮುಂಬಯಿ ಇಲಾಖೆಯಲ್ಲಿದ್ದ ಕಾಲ. ಮೂವತ್ತರ ದಶಕದ ಒಂದು ಜೂನ್ ತಿಂಗಳಲ್ಲಿ ಹಾಗೆ ಬಿದ್ದ ಕಾಗದಗಳ ನಡುವೆ ಮುಂಬಯಿಯ ಒಂದು ಕಾಲೇಜಿನ ಮಾಹಿತಿ ಪುಸ್ತಕವಿತ್ತು. ಕಟ್ಟಡಗಳ ನಕ್ಷೆ ಮಾಡುವ ವಿದ್ಯೆ ಕಲಿಸುವ ಕಾಲೇಜು. ಇಡೀ ಇಲಾಖೆಯಿಂದ ಬೆರಳೆಣಿಕೆಯ ಹುಡುಗರನ್ನು ಮಾತ್ರ ಆರಿಸಿಕೊಳ್ಳುತ್ತಿದ್ದರು. ಹಿಂಬದಿಯಲ್ಲಿ ಹೂವಿನ ಬಳ್ಳಿ ಬರೆಯಿಸಬೇಕೆಂದು ಎತ್ತಿಕೊಂಡವನು ಮುಂಬದಿಯನ್ನು ಓದಿಬಿಟ್ಟೆ. ನನ್ನ ನೆಮ್ಮದಿ ಹೋದದ್ದು ಅಂದಿನಿಂದ.

ಶರತ್ತುಗಳು ಹೀಗಿದ್ದವು. ಮ್ಯಾಟ್ರಿಕ್ ಪಾಸಾಗಿರಬೇಕು, ಗಣಿತದಲ್ಲಿ ಒಳ್ಳೆಯ ಗುಣ, ಅಂದರೆ ಅಂಕ, ಇರಬೇಕು, ವಯಸ್ಸು ಮೀರಿರಬಾರದು. ಜೊತೆಗೆ ಸರಕಾರಿ ಡ್ರಾಯಿಂಗ್ ಪರೀಕ್ಷೆಗಳಲ್ಲಿ ಎರಡನೆಯದಾದ ಇಂಟರ್‌ಮೀಡಿಯೆಟ್‌ನ ಪ್ರಮಾಣಪತ್ರವನ್ನು ಅರ್ಜಿಗೇ ಲಗತ್ತಿಸಬೇಕು. ಆ ಪರೀಕ್ಷೆ ವರ್ಷಕ್ಕೊಮ್ಮೆ, ಚಳಿಗಾಲದಲ್ಲಿ. ಪ್ರಮಾಣಪತ್ರ ಬರುವುದು ಮುಂದಿನ ಮಳೆಗಾಲಕ್ಕೆ. ಅರ್ಜಿಯ ಗಡುವು ಮುಗಿಯುವುದು ಬೇಸಿಗೆಯಲ್ಲಿ. ಬೆರಳು ಮಡಚಿ ಎಣಿಸಿದೆ. ಆಗ ಹೈಸ್ಕೂಲಿನ ಕೊನೆಯ ತರಗತಿಯಾದ ಇಂಗ್ಲಿಷ್ ಏಳನೆಯ ಇಯತ್ತೆಯೇ ಮ್ಯಾಟ್ರಿಕ್. ಆ ವರ್ಷ ಇಂಟರ್‌ಮೀಡಿಯೆಟ್‌ಗೆ ಕೂತರೆ ಪತ್ರ ಬರುವ ಹೊತ್ತಿಗೆ ಗಡುವು ಮುಗಿದಿರುತ್ತದೆ. ಅಂದರೆ ಆರನೆಯದರಲ್ಲೇ ಅದು ಆಗಬೇಕು. ಮೊದಲ ಪರೀಕ್ಷೆಯಾದ ಎಲಿಮೆಂಟರಿ ಐದನೆಯದರಲ್ಲಿ ಆಗಬೇಕು. ತಯಾರಿ ನಾಲ್ಕನೆಯದರಲ್ಲಿ, ಹೈಸ್ಕೂಲಿನ ಹೊಸ್ತಿಲು ದಾಟಿದ ದಿನವೇ ಆರಂಭವಾಗಬೇಕು. ಮ್ಯಾಟ್ರಿಕ್ ಆದ ಮೇಲೆ ಎಚ್ಚರವಾದವನಿಗೆ ಅಲ್ಲಿ ಬಾಗಿಲಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಎಚ್ಚರವಾದದ್ದು ಮ್ಯಾಟ್ರಿಕ್ ಆದ ಮೇಲೆ.

ಅದೇ ವಾರ ನಾಲ್ಕನೆಯ ಇಯತ್ತೆಯ ಮೊದಲ ಡ್ರಾಯಿಂಗ್ ತಾಸಿನಲ್ಲಿ ಒಂದು ಪೆಟ್ಟಿಗೆ ಬರೆಯಿರಿ ಎಂದೆ. ಎಲ್ಲರೂ ಪೆಟ್ಟಿಗೆಯಂಥದೇನೋ ಬರೆದರು. ಹಿಂದಿನ ಬೆಂಚಿನ ಒಬ್ಬ ಹುಡುಗ ಪೆಟ್ಟಿಗೆಯ ಆರೂ ಮೈ ಬಿಚ್ಚಿ ಹಾಸಿದಂತೆ ಕಾಗದದ ಮೇಲೆ ಚೌಕಗಳನ್ನು ಬರೆದು, ಬ್ಲೇಡಿನಿಂದ ಕತ್ತರಿಸಿ, ಮಡಚಿ, ನನ್ನ ಮೇಜಿನ ಮೇಲೆ ಪೆಟ್ಟಿಗೆಯನ್ನೇ ತಂದಿಟ್ಟ. ಅಳತೆಪಟ್ಟಿ ಇಟ್ಟು ನೋಡಿದೆ. ಒಂದು ಮೂಲೆಯೂ ಕೂದಲೆಳೆಯಷ್ಟು ತಪ್ಪಿರಲಿಲ್ಲ. ಅವನ ಕೈಯಲ್ಲಿ ಪಟ್ಟಿ ಇರಲೇ ಇಲ್ಲ.

ಅವನ ತಂದೆಯದು ದುರ್ಗದ ಬೈಲಿನ ಹಿಂದಿನ ಓಣಿಯಲ್ಲಿ ತಗಡಿನ ಕೆಲಸದ ಅಂಗಡಿ. ಬಕೀಟು, ಡಬ್ಬಿ, ಎಣ್ಣೆ ಸುರಿಯುವ ಲಾಳಿಕೆ, ಟ್ರಂಕು. ಊರೆಲ್ಲ ಅವರನ್ನು ಚಾಚಾ ಎನ್ನುತ್ತಿತ್ತು. ಸಂಜೆ ನಾನು ಹೋದಾಗ ಒಬ್ಬ ಹೆಂಗಸು ತಳ ಸೋರುವ ಎಣ್ಣೆಡಬ್ಬಿ ತಂದಿದ್ದಳು. ಚಾಚಾ ಅದನ್ನು ವೈದ್ಯರು ನಾಡಿ ನೋಡುವಂತೆ ಸುತ್ತಲೂ ಬೆರಳಾಡಿಸಿ ನೋಡಿ, ಬೋರಲು ಹಾಕಿ, ಮೊಳೆಯಿಂದ ತಳಕ್ಕೆ ಏನೋ ಗೀಚಿದರು.

"ಏನು ಬರದ್ರಿ ಚಾಚಾ?"

"ಬಂದಾಗ ಎಲ್ಲೆಲ್ಲೆ ತಗ್ಗ ಬಿದ್ದಿತ್ತು ಅಂತ ಬರದಿಡತೇನ್ರಿ ಮಾಸ್ತರ. ಇಲ್ಲಾಂದ್ರ ಒಯ್ಯೂ ಮುಂದ ಇದು ನಿನ್ನ ಕೈಯಾಗ ಬಿದ್ದ ತಗ್ಗು ಅಂತ ಜಗಳಾ ತಗೀತಾರ."

"ನಾ ಯಾವಾಗ ಜಗಳಾ ತಗದೇನೋ ಯಪ್ಪಾ?" ಎಂದಳು ಹೆಂಗಸು.

"ಹೋದ ದೀಪಾವಳಿಗಿ," ಎಂದು ಚಾಚಾ ಡಬ್ಬಿಯನ್ನು ಒಳಗಿಟ್ಟರು.

ನಾನು ಕಾಲೇಜಿನ ವಿಷಯ ತೆಗೆದೆ. ಕಟ್ಟಡದ ನಕಾಶೆ, ಮುಂಬಯಿ, ನಾಲ್ಕು ವರ್ಷದ ತಯಾರಿ. ಚಾಚಾ ಪೂರ್ತಿ ಕೇಳಿದರು.

"ಮನಿ ಅಂದ್ರ ನಾಕ ಗ್ವಾಡಿ, ಮ್ಯಾಲ ತಗಡ. ಇದನ್ನ ಕಲ್ಯಾಕ ಮುಂಬೈಗಿ ಹೋಗಬೇಕೇನ್ರಿ?"

"ದೊಡ್ಡ ದೊಡ್ಡ ಕಟ್ಟಡ ಇರತಾವ ಚಾಚಾ. ಕಚೇರಿ, ದವಾಖಾನಿ."

"ಅವಕ್ಕೂ ಮ್ಯಾಲ ತಗಡ ಹಾಕಸ್ತೀಯೇನಲೇ?" ಎಂದು ಮಗನನ್ನು ಕೇಳಿದರು. ಮಗ ನಕ್ಕ. ಆಮೇಲೆ ನನ್ನ ಕಡೆ ತಿರುಗಿ, "ಇವನ ಕೈ ನನಗ ಬೇಕಾಗೇತ್ರಿ. ಆದ್ರೂ ನೀವು ನಡಕೋತ ಬಂದು ಕೇಳೀರಿ. ನಾಕ ವರ್ಷ ಕೊಟ್ಟೆ. ನಡುವ ಎಲ್ಲೆರೆ ನಪಾಸಾದಾ, ಮರುದಿನ ಮುಂಜಾನಿ ಈ ಗೋಣಿಚೀಲದ ಮ್ಯಾಲ ಬಂದು ಕುಂಡರತಾನ. ಅರ್ಧಾ ಬೆಸಗಿ ಹಾಕಿದ ಮಾಲು ನಾ ಅಂಗಡ್ಯಾಗ ಇಟ್ಕೊಳ್ಳಂಗಿಲ್ಲ," ಎಂದರು.

ಒಪ್ಪಂದವಾಯಿತು. ರಾಜಮಹಾರಾಜರ ಕರಾರುಗಳಿಗಾದರೂ ಇಷ್ಟು ಸ್ಪಷ್ಟ ಭಾಷೆ ಇದ್ದೀತೆಂದು ನಾನು ನಂಬುವುದಿಲ್ಲ.

ಮೊದಲ ವರ್ಷ ರೇಖಾಗಣಿತ ಅವನಿಗೆ ಆಟವಾಯಿತು. ನೋಡಿ ಬರೆಯುವ ಎಲೆ, ಬಳ್ಳಿ ಪರವಾಗಿರಲಿಲ್ಲ. ತೊಡಕು ಬಂದದ್ದು ಎದುರಿಗಿಟ್ಟ ವಸ್ತುಗಳ ಚಿತ್ರದಲ್ಲಿ. ಸ್ಟೂಲಿನ ಮೇಲೆ ಒಂದು ಬಕೀಟು ಇಟ್ಟೆ. ಒಂದು ಕಣ್ಣು ಮುಚ್ಚಬೇಕು, ಕೈ ಪೂರ್ತಿ ಚಾಚಬೇಕು, ಪೆನ್ಸಿಲಿನ ಮೇಲೆ ಹೆಬ್ಬೆರಳು ಸರಿಸಿ ಎತ್ತರ, ಅಗಲ ಅಳೆಯಬೇಕು. ಎಲ್ಲವನ್ನೂ ಮಾಡಿದ. ಬಕೀಟಿನ ಎರಡು ಬದಿಯ ಗೆರೆ ಸರಿಯಾಗಿ ಬಂದವು. ಅವುಗಳ ಮೇಲೆ ಹುಣ್ಣಿಮೆಯ ಚಂದ್ರನಂಥ ಪೂರ್ಣ ವೃತ್ತ.

"ಇದೇನೋ?"

"ಬಕೀಟಿನ ಬಾಯಿರಿ."

"ನೀ ಕೂತಲ್ಲಿಂದ ಅದು ಹಿಂಗ ಕಾಣಸ್ತದೇನು?"

"ಕಾಣಸೂದಿಲ್ರಿ. ಆದ್ರ ಹಿಂಗ ಐತ್ರಿ."

"ಕಂಡಂಗ ತಗಿ."

"ಕಂಡಂಗ ತಗದ್ರ ಚಪ್ಪಟಿ ಆಗತೈತ್ರಿ ಸರ್. ಇಂಥಾ ಬಕೀಟ ಮಾಡಿದ್ರ ನಮ್ಮ ಅಬ್ಬಾ ಕಿವಿ ಹಿಂಡತಾರ್ರಿ."

ತರಗತಿ ನಕ್ಕಿತು. ನಾನೂ ನಕ್ಕೆ. ನಗಬಾರದಿತ್ತು. ಉಳಿದ ಹುಡುಗರಿಗೆ ಬಕೀಟಿನ ಬಾಯಿ ಎಂದರೆ ಎರಡು ಬಾಗಿದ ಗೆರೆ. ಹೀಗೆ ಬರೆಯಿರಿ ಎಂದರೆ ಹಾಗೆ ಬರೆದುಬಿಡುತ್ತಿದ್ದರು. ಇವನಿಗೆ ಅದು ಮನೆತನದ ಮರ್ಯಾದೆ. ಮುಚ್ಚಳ ಕೂರದ ಬಾಯಿಯನ್ನು ಕೈಯಾರೆ ಬರೆಯುವುದೆಂದರೆ ಅವನಿಗೆ ಸುಳ್ಳು ಸಾಕ್ಷಿ ಹೇಳಿದಂತೆ.

ಹಠ ನನಗೂ ಇತ್ತು. ಆ ವರ್ಷ ಅವನಿಂದ ಎಷ್ಟು ಬಕೀಟು ಬರೆಯಿಸಿದೆನೋ ಲೆಕ್ಕವಿಲ್ಲ. ಬೈದೆ, ಒಲಿಸಿದೆ, ಬೆಂಚಿನ ಮೇಲೆ ನಿಲ್ಲಿಸಿದೆ. ಮೇಲಿನಿಂದ ನೋಡಿದಾಗ ಬಾಯಿ ಇನ್ನೂ ದುಂಡಗೆ ಕಾಣುತ್ತಿದ್ದರಿಂದ ಆ ಶಿಕ್ಷೆ ಅವನ ವಾದವನ್ನೇ ಗಟ್ಟಿ ಮಾಡಿತು. ಮನೆಯಲ್ಲಿ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಊಟದ ತಾಟು, ನೀರಿನ ತಂಬಿಗೆ, ದೇವರ ಗಂಟೆ, ಎಲ್ಲದರ ಬಾಯಿಯನ್ನೂ ಕತ್ತು ಓರೆ ಮಾಡಿ ನೋಡುತ್ತಿದ್ದೆ.

"ಸಾರು ಉಣ್ಣಲಿಕ್ಕೆ ಎರಡೂ ಕಣ್ಣು ತಗದ್ರ ನಡೀತದ," ಎಂದಳು ಹೆಂಡತಿ. "ಮಂದಿ ಗಂಡಂದಿರು ಹೆಂಡ್ತಿ ಕಡೆ ನೋಡಿ ಕಣ್ಣು ಹೊಡೀತಾರ. ನಮ್ಮವರು ತಂಬಿಗಿ ಕಡೆ ನೋಡಿ."

ಶಾಲೆಯಲ್ಲಿ ಗಾಜಿದ್ದ ಕಿಟಕಿ ಒಂದೇ, ಹೆಡ್ ಮಾಸ್ತರರ ಕೋಣೆಯದು. ಅವರು ಊಟಕ್ಕೆ ಹೋದ ಹೊತ್ತಿನಲ್ಲಿ ಹೊರಗೆ ಬಕೀಟು ಇಟ್ಟು, ಹುಡುಗನನ್ನು ಒಳಗೆ ಕೂಡಿಸಿ, ಅವನ ತಲೆಯನ್ನು ನನ್ನ ಎರಡೂ ಕೈಯಲ್ಲಿ ಅಲುಗದಂತೆ ಹಿಡಿದು, ಗಾಜಿನ ಮೇಲೆ ಸಾಬೂನಿನ ತುಂಡಿನಿಂದ ಕಂಡ ಅಂಚನ್ನೇ ಗುರುತಿಸು ಎಂದೆ. ಗುರುತಿಸಿದ. ಅಚ್ಚುಕಟ್ಟಾದ ತತ್ತಿಯಾಕಾರ ಬಂತು.

"ನೋಡಿದೇನು?" ಎಂದೆ ಗೆದ್ದವನಂತೆ.

"ಇದು ಕಾಣೂದ್ರಿ. ಬಕೀಟ ಇದಲ್ರಿ," ಎಂದ ಶಾಂತವಾಗಿ.

ಅಷ್ಟರಲ್ಲಿ ಹೆಡ್ ಮಾಸ್ತರರು ಬಂದರು. ತಮ್ಮ ಕಿಟಕಿಯ ಮೇಲಿನ ಸಾಬೂನಿನ ಬಕೀಟನ್ನೂ, ಹುಡುಗನ ರುಂಡ ಹಿಡಿದು ನಿಂತ ನನ್ನನ್ನೂ ನೋಡಿ, "ಇದು ಸಿಲೆಬಸ್‌ದಾಗ ಅದ ಏನು?" ಎಂದಷ್ಟೇ ಕೇಳಿದರು.

ಐದನೆಯ ಇಯತ್ತೆಯ ಚಳಿಗಾಲದಲ್ಲಿ ಎಲಿಮೆಂಟರಿ ಪರೀಕ್ಷೆಗೆ ಕೂತ. ಫಲಿತಾಂಶ ಬಂದದ್ದು ಅವನು ಆರನೆಯದಕ್ಕೆ ಬಂದ ಮೇಲೆ, ಮಳೆಗಾಲದಲ್ಲಿ. ರೇಖಾಗಣಿತದಲ್ಲಿ ಎಲ್ಲರಿಗಿಂತ ಹೆಚ್ಚು ಗುಣ. ವಸ್ತುಚಿತ್ರದಲ್ಲಿ ನಪಾಸು. ಒಂದರಲ್ಲಿ ನಪಾಸಾದರೆ ಎಲ್ಲದರಲ್ಲೂ ನಪಾಸು. ಆ ವರ್ಷ ಪರೀಕ್ಷಕರು ಇಟ್ಟದ್ದು ಬಕೀಟೂ ಅಲ್ಲ, ಹೂವಿನ ಕುಂಡ. ಕುಂಡದ ಬಾಯಿಯೂ ದುಂಡಗಿರುತ್ತದೆ ಎಂಬುದು ನನ್ನ ದುರ್ದೈವ.

ಮರುದಿನ ಹುಡುಗ ಶಾಲೆಗೆ ಬರಲಿಲ್ಲ. ಚಾಚಾ ಮಾತಿಗೆ ತಪ್ಪುವವರಲ್ಲ.

ಆ ದಿನದ ಕೊನೆಯ ಗಂಟೆಯವರೆಗೆ ತರಗತಿಯಲ್ಲಿ ಎಷ್ಟು ಮೈಲಿ ಅಡ್ಡಾಡಿದೆನೋ ಗೊತ್ತಿಲ್ಲ. ಗಂಟೆ ಬಾರಿಸಿದ್ದೇ ತಡ, ಕೊಡೆಯನ್ನೂ ಮರೆತು ಅಂಗಡಿಗೆ ಹೋದೆ. ಯಾವುದೋ ಖಾನಾವಳಿಯ ಅಡುಗೆಮನೆಯ ಚಾವಣಿಗೆ ಹೊಗೆ ಹೋಗುವ ಕೊಳವೆ ಕೂಡಿಸುವ ಕೆಲಸ ನಡೆದಿತ್ತು. ಗೋಣಿಚೀಲದ ಮೇಲೆ ಹುಡುಗ ಮಂಡಿಯೂರಿ, ಮುಂದೆ ಒಂದು ತಗಡಿನ ಹಾಳೆ ಹಾಸಿಕೊಂಡು, ಗೀರುಮೊಳೆಯಿಂದ ಒಂದೇ ಉಸಿರಿನಲ್ಲಿ ಒಂದು ಗೆರೆ ಸುತ್ತಿಸಿದ. ನಾನು ನಿಂತಲ್ಲೇ ನಿಂತೆ. ಎರಡು ವರ್ಷದಿಂದ ನಾನು ಬೇಡಿ, ಬೈದು, ಬೆಂಚು ಹತ್ತಿಸಿ ಪಡೆಯಲಾರದ ತತ್ತಿಯಾಕಾರ ಅಲ್ಲಿ ತಾನಾಗಿ ಬಿದ್ದಿತ್ತು.

"ಇದೇನಿದು?"

"ತೂತ್ರಿ ಸರ್. ಕೊಳವಿ ಹಾಯಾಕ."

"ಕೊಳವಿ ದುಂಡಗ ಅದ. ತೂತು ಯಾಕ ಹಿಂಗ?"

ನನ್ನ ಅಜ್ಞಾನಕ್ಕೆ ಅವನಿಗೆ ಕನಿಕರವಾಗಿರಬೇಕು. "ಚಾವಣಿ ಇಳಕಲ ಐತಲ್ರಿ. ಕೊಳವಿ ನೆಟ್ಟಗ ಹಾಯತೈತಿ, ತಗಡ ಓರಿ ಇರತೈತಿ. ತೂತು ಉದ್ದಗ ಬೀಳತೈತ್ರಿ."

"ಹಂಗಾರ ಕೊಳವಿ ಚಪ್ಪಟಿ ಆತೇನು?"

"ಇಲ್ರಿ. ಕೊಳವಿಗೇನಾಗತೈತಿ?"

ಮಳೆಯಲ್ಲಿ ತೊಯ್ದಿದ್ದೆ. ಅಂಗಡಿಯಲ್ಲಿದ್ದ ಬಕೀಟೊಂದನ್ನು ಎಳೆದು ಅವನ ಮುಂದಿಟ್ಟೆ. ಜೇಬಿನಲ್ಲಿದ್ದ ಫಲಿತಾಂಶದ ಹಾಳೆಯನ್ನೇ ತೆಗೆದು ಅವನ ಕಣ್ಣಿಗೂ ಬಕೀಟಿಗೂ ನಡುವೆ ಅಡ್ಡ ಹಿಡಿದೆ.

"ನೋಡು. ಬಕೀಟಿನ ಅಂಚಿನಿಂದ ನಿನ್ನ ಕಣ್ಣಿಗೆ ಒಂದು ಕೊಳವಿ ಬಂದದ ಅನಕೋ. ಕಣ್ಣಿನ ಕಡೆ ಬರಬರತ ಸಣ್ಣ ಆಗತದ, ಲಾಳಿಕಿ ಹಂಗ. ನಡುವ ಈ ಕಾಗದ ಅಡ್ಡ ಬಂತು, ನಿಮ್ಮ ಚಾವಣಿ ತಗಡ ಬಂದಂಗ. ಕೊಳವಿ ಈ ಕಾಗದದಾಗ ಎಂಥಾ ತೂತು ತಗೀತದ?"

ಹುಡುಗ ಬಕೀಟು ನೋಡಿದ. ಕಾಗದ ನೋಡಿದ. ತಾನು ಗೀಚಿದ ತಗಡು ನೋಡಿದ.

"ಉದ್ದಂದ್ರಿ."

"ಬಕೀಟು ಚಪ್ಪಟಿ ಆತೇನು?"

"ಇಲ್ರಿ." ಆಮೇಲೆ ಅವನಿಗೆ ಸಿಟ್ಟೇ ಬಂತು. "ಇದನ್ನ ಮೊದಲ ಹೇಳಬೇಕಿಲ್ರೀ ಸರ್, ಚಿತ್ರ ಅಂದ್ರ ತೂತು ಅಂತ?"

ಕಲೆಯ ಬಗ್ಗೆ ಅನೇಕ ದೊಡ್ಡವರ ವ್ಯಾಖ್ಯೆಗಳನ್ನು ತರಬೇತಿಯ ಕಾಲದಲ್ಲಿ ಬಾಯಿಪಾಠ ಮಾಡಿದ್ದೆ. ಇಷ್ಟು ಉಪಯೋಗಕ್ಕೆ ಬಂದದ್ದು ಒಂದೂ ನೆನಪಿಲ್ಲ.

ಚಾಚಾ ಬೆಸುಗೆ ಹಾಕುವ ಸಲಾಕೆ ಒಲೆಯಲ್ಲಿಟ್ಟು ಎಲ್ಲವನ್ನೂ ಕೇಳುತ್ತಿದ್ದರು. "ಎಲ್ಲಾ ಖರೇರಿ ಮಾಸ್ತರ. ಆದ್ರ ಮಾತು ಮಾತ. ಹುಡುಗ ನಪಾಸಾಗ್ಯಾನ."

"ಹುಡುಗ ನಪಾಸಾಗಿಲ್ಲ ಚಾಚಾ. ನಾ ನಪಾಸಾಗೇನಿ. ಅವನಿಗೆ ತಿಳಿಯೋ ಮಾತಿನ್ಯಾಗ ನಾ ಹೇಳಲಿಲ್ಲ."

ಚಾಚಾ ಇದನ್ನು ನ್ಯಾಯಾಧೀಶರಂತೆ ತೂಗಿ ನೋಡಿದರು. "ಹಂಗಾರ ಕರಾರಿನ ಪ್ರಕಾರ ನೀವು ಬಂದು ಇಲ್ಲೆ ಕುಂಡರಬೇಕಾಗತೈತ್ರಿ."

ಹೀಗೆ, ಆ ಮಳೆಗಾಲದಿಂದ ಚಳಿಗಾಲದವರೆಗೆ ದಿನಾ ಸಂಜೆ ಒಂದೂವರೆ ತಾಸು ಸರಕಾರಮಾನ್ಯ ಡ್ರಾಯಿಂಗ್ ಶಿಕ್ಷಕನೊಬ್ಬ ತಗಡಿನ ಅಂಗಡಿಯಲ್ಲಿ ಗೋಣಿಚೀಲದ ಮೇಲೆ ಕೂತ. ಹಗಲು ಹುಡುಗ ನನ್ನ ಶಾಲೆಗೆ ಬಂದ.

ಆದರೆ ಗಡುವು ನಮಗಾಗಿ ನಿಂತಿರಲಿಲ್ಲ. ಆರನೆಯದರಲ್ಲಿ ಮತ್ತೆ ಎಲಿಮೆಂಟರಿಗೆ ಕೂತರೆ ಇಂಟರ್‌ಮೀಡಿಯೆಟ್ ಏಳನೆಯದಕ್ಕೆ ಹೋಗುತ್ತದೆ. ಆಗ ಪತ್ರ ಬರುವ ಹೊತ್ತಿಗೆ ಕಾಲೇಜಿನ ಬಾಗಿಲು ಮುಚ್ಚಿರುತ್ತದೆ. ಮೂರು ದಿನ ನಿಯಮಗಳ ಪುಸ್ತಕವನ್ನು ಹಿಂದುಮುಂದು ತಿರುವಿದೆ. ಎಲಿಮೆಂಟರಿ ಪಾಸಾಗದವನು ಇಂಟರ್‌ಮೀಡಿಯೆಟ್‌ಗೆ ಕೂರಬಹುದು ಎಂದು ಎಲ್ಲೂ ಬರೆದಿರಲಿಲ್ಲ. ಕೂರಬಾರದು ಎಂದೂ ಬರೆದಿರಲಿಲ್ಲ. ಯಾರೂ ಹಾಗೆ ಮಾಡಿರಲಿಲ್ಲ, ಅಷ್ಟೆ. ನಾಲ್ಕನೆಯ ದಿನ ಅವನ ಹೆಸರನ್ನು ಇಂಟರ್‌ಮೀಡಿಯೆಟ್ ಅರ್ಜಿಯಲ್ಲಿ ತುಂಬಿ ಹೆಡ್ ಮಾಸ್ತರರ ಮುಂದಿಟ್ಟೆ.

"ಕೆಳಗಿನ ಮೆಟ್ಟಿಲದಾಗ ಬಿದ್ದವನ್ನ ಮ್ಯಾಲಿನ ಮೆಟ್ಟಿಲಿಗೆ ಎಸೀತೀರೇನು?" ಎಂದರು ಅವರು. "ನಿಯಮದಾಗ ಎಲ್ಲೆ ಅದ?"

"ಬ್ಯಾಡ ಅಂತನೂ ಎಲ್ಲೂ ಇಲ್ಲ, ಸರ್."

"ಶಾಲಿ ಗಾಜು ಒಡೀಬ್ಯಾಡ್ರಿ ಅಂತನೂ ನಿಯಮದಾಗ ಇಲ್ಲ."

"ನಾ ಸಾಬೂನು ಹಚ್ಚಿದ್ದೆ ಸರ್, ಒಡದಿಲ್ಲ."

ಅವರು ಕನ್ನಡಕ ತೆಗೆದು ಒರೆಸಿದರು. ವಾರ್ಷಿಕ ವರದಿಯಲ್ಲಿ ನಪಾಸಾದವರ ಸಾಲು ಉದ್ದವಾಗುವುದು ಅವರಿಗೆ ಹಲ್ಲುನೋವಿಗೆ ಸಮ. ಕೊನೆಗೆ ಒಂದು ಕಾಗದ ನನ್ನ ಕಡೆ ತಳ್ಳಿದರು. ಹುಡುಗ ನಪಾಸಾದಲ್ಲಿ ಮುಂದಿನ ವರ್ಷದಿಂದ ಇಂಟರ್‌ಮೀಡಿಯೆಟ್ ತರಗತಿ ಬಿಟ್ಟುಕೊಟ್ಟು, ಆ ಅವಧಿಯಲ್ಲಿ ಡ್ರಿಲ್ ಕಲಿಸಲು ಬದ್ಧನಾಗಿರುತ್ತೇನೆ ಎಂದು ಬರೆದು ಸಹಿ ಮಾಡಬೇಕು. ನನ್ನ ಕಾಲುಗಳನ್ನು ಖಾಕಿ ಚಡ್ಡಿಯಲ್ಲಿ ಊರು ನೋಡುವ ಚಿತ್ರವನ್ನು ಒಂದು ಕ್ಷಣ ಕಣ್ಮುಂದೆ ತಂದುಕೊಂಡೆ. ಸಹಿ ಮಾಡಿದೆ.

ಹೊಸ ತೊಡಕು ಅದಾಗಲೇ ಕಾದಿತ್ತು. ಚಿತ್ರವೆಂದರೆ ತೂತು ಎಂದು ತಿಳಿದ ಮೇಲೆ ಹುಡುಗ ಪ್ರತಿ ತೂತನ್ನೂ ತನ್ನ ಮನೆತನದ ಶಾಸ್ತ್ರದಂತೆ ಎಬ್ಬಿಸತೊಡಗಿದ: ವೃತ್ತವನ್ನು ಹನ್ನೆರಡು ಪಾಲು ಮಾಡಿ, ಪ್ರತಿ ಪಾಲಿನ ಬಿಂದುವನ್ನು ಇಳಿಸಿ, ಹನ್ನೆರಡನ್ನೂ ಕೂಡಿಸಿ. ಬಕೀಟಿನ ಬಾಯಿ ದೋಷವಿಲ್ಲದೆ ಬರುತ್ತಿತ್ತು. ಜೇಬಿನ ಗಡಿಯಾರ ಹಿಡಿದು ನೋಡಿದರೆ ಮುಕ್ಕಾಲು ತಾಸು. ಇಡೀ ಚಿತ್ರಕ್ಕೆ ಇರುವುದು ಎರಡೂವರೆ ತಾಸು, ಅದರಲ್ಲಿ ಬಕೀಟಲ್ಲದೆ ಇಟ್ಟಿಗೆ, ಗಡಿಗೆ, ನೆರಳು. ಬಿಂದುಗಳನ್ನು ಎಂಟಕ್ಕೆ ಇಳಿಸಿದೆ, ನಾಲ್ಕಕ್ಕೆ ಇಳಿಸಿದೆ. ಕೈ ಹಿಡಿದ ಕಂಪಾಸು ಬಿಡಲಿಲ್ಲ. ತಪ್ಪಿದರೆ ರಬ್ಬರು, ಮತ್ತೆ ಬಿಂದು, ಮತ್ತೆ ರಬ್ಬರು. ಕಾಗದ ತೆಳುವಾಗುತ್ತ ಹೋಯಿತು, ನನ್ನ ತಾಳ್ಮೆಯೂ.

ಚಾಚಾ ಒಂದು ಸಂಜೆ ಕಂಪಾಸನ್ನೂ ರಬ್ಬರನ್ನೂ ಎತ್ತಿ ಮೇಲಿನ ಗೂಟಕ್ಕೆ ಸಿಕ್ಕಿಸಿದರು. "ಅಳಸಾಕ ಬರತೈತಿ ಅಂತ ಗೊತ್ತಾದ್ರ ಕೈ ಅಂಜತೈತ್ರಿ ಮಾಸ್ತರ. ತಗಡಿನ ಮ್ಯಾಲ ಗೀಚಲಿ." ಚಿಮಣಿ ಎಣ್ಣೆಯ ಹಳೆಯ ಡಬ್ಬಿಗಳನ್ನು ಬಿಚ್ಚಿ ಹಾಸಿದರು. ತಗಡಿನ ಮೇಲೆ ಒಮ್ಮೆ ಬಿದ್ದ ಗೀರು ಬಿದ್ದದ್ದೇ. ಮೊದಲ ವಾರ ಗೀರುಗಳು ಬೆಕ್ಕುಗಳ ಜಗಳದಂತಿದ್ದವು. ದೀಪಾವಳಿಯ ಹೊತ್ತಿಗೆ ಹುಡುಗ ಬಕೀಟನ್ನು ಅರೆಗಣ್ಣಿನಿಂದ ನೋಡಿ, ಉಸಿರು ಹಿಡಿದು, ಒಂದೇ ಎಳೆತದಲ್ಲಿ ಬಾಯಿ ಮುಗಿಸತೊಡಗಿದ. ನಾನು ಕಾಗದವನ್ನು ತಿರುಗಿ ಕೈಗೆ ಕೊಟ್ಟೆ. ರಬ್ಬರು ಕೊಡಲಿಲ್ಲ.

ಪರೀಕ್ಷೆಯ ಕೇಂದ್ರ ಧಾರವಾಡ. ಮುಂಜಾನೆಯ ಗಾಡಿಯಲ್ಲಿ ಹುಡುಗನನ್ನೂ ಉಳಿದ ನಾಲ್ವರು ಅಭ್ಯರ್ಥಿಗಳನ್ನೂ ಕರೆದುಕೊಂಡು ಹೊರಟೆ. ಉಣಕಲ್ಲಿನಲ್ಲಿ ಗಾಡಿ ನಿಂತಿತು, ಯಾಕೆಂದು ಯಾರಿಗೂ ಗೊತ್ತಿರಲಿಲ್ಲ. ನಾನು ಇಳಿದೆ, ಹತ್ತಿದೆ, ಗಡಿಯಾರ ನೋಡಿದೆ, ಮತ್ತೆ ಇಳಿದೆ. ಗಾರ್ಡು ನನ್ನನ್ನು ನೋಡಿ, "ನೀವು ಕೂತ್ರ ಬಿಡತೇನ್ರಿ," ಎಂದ. ಕೂತೆ. ಹುಡುಗರಿಗೆ ಕೊನೆಯ ಸಲ ನಿಯಮ ಹೇಳಿದೆ: ಹಾಳೆಯ ಮೇಲೆ ನಿಮ್ಮ ನಂಬರು ಬಿಟ್ಟು ಒಂದಕ್ಷರವೂ ಇರಕೂಡದು, ಇದ್ದರೆ ಗುರುತಿನ ಚಿಹ್ನೆ ಎಂದು ಹಾಳೆ ರದ್ದಾಗುತ್ತದೆ. ನವಲೂರಿನಲ್ಲಿ ಪೇರಲ ಹಣ್ಣಿನ ಬುಟ್ಟಿಗಳು ಹತ್ತಿದವು. ಹುಡುಗರ ಗಮನ ಆ ಕಡೆ ಹೋಯಿತು. ಆಗ ನಾನು ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

ವಸ್ತುಚಿತ್ರದ ಪರೀಕ್ಷೆ ನಡೆದಷ್ಟು ಹೊತ್ತು ಹೊರಗೆ ಹುಣಸೆಮರದ ಸುತ್ತ ತಿರುಗುತ್ತಿದ್ದೆ. ಮೊದಲು ನಾಲ್ವರೂ ಹೊರಬಂದರು, ಹಗುರವಾದ ಮುಖ.

"ಬಕೀಟ ಇಟ್ಟಿದ್ರು ಸರ್! ಬಾಯಿ ಎರಡ ನಿಮಿಷದಾಗ ಮುಗಸಿದೆ," ಎಂದ ಒಬ್ಬ.

ಕೊನೆಗೆ ನಮ್ಮ ಹುಡುಗ ಬಂದ. ಹುಳಿ ತಿಂದ ಮುಖ.

"ಬಕೀಟ ಚಪ್ಪಟಿ ಆಗಿತ್ರಿ ಸರ್."

ಎರಡೂವರೆ ವರ್ಷ ನೀರಿಗೆ ಹೋಯಿತೆಂದುಕೊಂಡೆ. "ಹುಚ್ಚಪ್ಪಾ, ಎಲ್ಲಾ ಬಕೀಟೂ ಹಂಗ ಕಾಣಸ್ತಾವ ಅಂತ ತೂತು ತೋರಿಸಿ ಹೇಳಿಲ್ಲೇನು?"

"ಕಾಣಸೂದಲ್ರಿ! ಖರೇನ ಆಗಿತ್ತು. ಹಿಡಿಕಿ ಬಾಜೂಕ ಒಂದ ಬೆರಳಷ್ಟ ತಗ್ಗ ಬಿದ್ದಿತ್ತು."

"ನೀ ಏನು ಮಾಡಿದಿ?"

"ಇದ್ದಂಗ ತಗದೇನ್ರಿ. ಆಮ್ಯಾಲ ಮೂಲ್ಯಾಗ ಬರದೇನ್ರಿ."

"ಏನಂತ ಬರದಿ?"

"ಈ ತಗ್ಗು ಬಕೀಟಿಗೆ ಮೊದಲಿಂದ ಇತ್ತು ಅಂತ. ಇಂಗ್ಲಿಷಿನ್ಯಾಗ. ಇಲ್ಲಾಂದ್ರ ನಾ ತಪ್ಪಿ ತಗದೇನಿ ಅನ್ನೂದಿಲ್ಲೇನ್ರಿ?"

ನಾನು ಹುಣಸೆಮರಕ್ಕೆ ಕೈ ಕೊಟ್ಟು ನಿಂತೆ. ಅಂಗಡಿಯ ಪದ್ಧತಿ. ಬಂದಾಗಿನ ತಗ್ಗನ್ನು ಬರೆದಿಡದೆ ಕೆಲಸ ಹಿಡಿಯುವುದು ಅವರ ವಂಶದಲ್ಲೇ ಇರಲಿಲ್ಲ. ಪೇರಲದ ಬುಟ್ಟಿ ಹತ್ತುವ ಹೊತ್ತಿನಲ್ಲಿ ನಾನು ಹೇಳಿದ ನಿಯಮ ಆ ಪದ್ಧತಿಯ ಮುಂದೆ ಎಷ್ಟರದು?

ಪಕ್ಕದ ಬಾವಿಯಲ್ಲಿ ಸಿಪಾಯಿ ಅದೇ ಬಕೀಟಿನಿಂದ ನೀರು ಸೇದುತ್ತಿದ್ದ. ಕೇಳಿ ಇಸಿದುಕೊಂಡೆ. ಹಿಡಿಕೆಯ ಪಕ್ಕ ಒಂದು ಬೆರಳಿನಷ್ಟು ತಗ್ಗು, ಹುಡುಗ ಹೇಳಿದಂತೆಯೇ. ನನ್ನ ನಾಲ್ವರು ಜಾಣರು ಅದನ್ನು ಕಂಡೇ ಇರಲಿಲ್ಲ. ನಾನು ಕಲಿಸಿದ ನುಣುಪಾದ ಬಾಯಿಯನ್ನು ಎರಡು ನಿಮಿಷದಲ್ಲಿ ಬರೆದು ಎದ್ದಿದ್ದರು.

"ನೀವು ಪರೀಕ್ಷಾ ಸಾಹೇಬ್ರೇನ್ರಿ?" ಎಂದ ಸಿಪಾಯಿ.

"ಅಲ್ಲ."

"ಹಂಗಾರ ಬಕೀಟ ಕೊಡ್ರಿ."

ಆಮೇಲಿನ ತಿಂಗಳುಗಳನ್ನು ಹೇಗೆ ಕಳೆದೆನೆಂದು ವರ್ಣಿಸಿದರೆ ಹೆಂಡತಿ ಸಾಕ್ಷಿಗೆ ಬರುತ್ತಾಳೆ. ಮುಂಬಯಿಯಲ್ಲಿ ಕೂತ ಪರೀಕ್ಷಕನ ಮುಂದೆ ಹಾಳೆಗಳಿರುತ್ತವೆ, ಬಕೀಟು ಇರುವುದಿಲ್ಲ. ಒಂದೇ ಕೇಂದ್ರದ ಹಾಳೆಗಳಲ್ಲಿ ಒಂದರಲ್ಲಿ ಮಾತ್ರ ಬಾಯಿ ತಗ್ಗಿ ಕೂತರೆ ಅವನು ಏನು ತಿಳಿಯಬೇಕು? ಬರಹ ಓದಿದರೆ ತಗ್ಗು ಉಳಿಯುತ್ತದೆ, ಹಾಳೆ ರದ್ದಾಗುತ್ತದೆ. ಓದದಿದ್ದರೆ ಹಾಳೆ ಉಳಿಯುತ್ತದೆ, ತಗ್ಗು ತಪ್ಪಾಗುತ್ತದೆ. ಪರೀಕ್ಷಾ ಖಾತೆಗೆ ಮೂರು ಸಲ ಪತ್ರ ಬರೆದು ಮೂರು ಸಲ ಹರಿದೆ. ಶಿಕ್ಷಕನ ಪತ್ರವೇ ಹುಡುಗನ ಗುರುತು ಹೇಳಿ ಅವನನ್ನು ಮುಳುಗಿಸುತ್ತಿತ್ತು.

"ಬಕೀಟಿನ ವಕೀಲಿ ಮುಗೀತೇನು?" ಎನ್ನುತ್ತಿದ್ದಳು ಹೆಂಡತಿ, ನಾನು ಕಾಗದ ಹರಿಯುವ ಸಪ್ಪಳ ಕೇಳಿದಾಗಲೆಲ್ಲ.

ಹುಡುಗ ಏಳನೆಯದಕ್ಕೆ ಬಂದ. ಚಾಚಾ ಗೋಣಿಚೀಲವನ್ನು ಕೊಡವಿ ಹಾಸಿಟ್ಟಿದ್ದರು.

ಮಳೆಗಾಲದಲ್ಲಿ ಫಲಿತಾಂಶ ಕೇಂದ್ರಕ್ಕೆ ಬಂದಿದೆಯೆಂಬ ಸುದ್ದಿ ಮಧ್ಯಾಹ್ನ ಸಿಕ್ಕಿತು. ಸಂಜೆಯ ಗಾಡಿಯವರೆಗೆ ಕಾಯಲಾಗದೆ ಡ್ರಿಲ್ ಮಾಸ್ತರರ ಸೈಕಲ್ಲು ಇಸಿದುಕೊಂಡು ಧಾರವಾಡಕ್ಕೆ ತುಳಿದೆ. ರಾಯಾಪುರದ ಹತ್ತಿರ ಚೈನು ಕಳಚಿತು. ಸೈಕಲ್ಲಿನ ಧಣಿಯ ಪ್ರಾರ್ಥನೆಯೂ ಇದ್ದೀತು. ನಾನು ನಪಾಸಾದರೆ ಅವರ ಅರ್ಧ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ಕರಿಯಾದ ಕೈಯಿಂದಲೇ ಗೋಡೆಯ ಮೇಲಿನ ಪಟ್ಟಿಯ ಮೇಲೆ ಬೆರಳಿಟ್ಟು ನಂಬರು ಹುಡುಕಿದೆ. ನಾಲ್ವರಲ್ಲಿ ಮೂವರು ಪಾಸು, ಮೂರನೆಯ ಶ್ರೇಣಿ. ನಮ್ಮ ಹುಡುಗನ ನಂಬರು ಆ ಸಾಲಿನಲ್ಲಿರಲಿಲ್ಲ. ಎರಡು ಸಲ ನೋಡಿದೆ. ಇರಲಿಲ್ಲ. ಸೈಕಲ್ಲು ತಿರುಗಿಸಿದವನು, ಪೂರ್ತಿ ನೋಡದೆ ಹೋದನೆಂಬ ಮಾತು ಬೇಡವೆಂದು ಮೇಲಿನ ಸಾಲನ್ನೂ ನೋಡಿದೆ. ಎರಡನೆಯ ಶ್ರೇಣಿಯಲ್ಲಿ ನಮ್ಮ ಶಾಲೆಯದು ಅದೊಂದೇ ನಂಬರು.

ಆ ಪರೀಕ್ಷಕ ಬರಹವನ್ನು ಓದಿ ನಕ್ಕನೋ, ಓದದೆ ತಗ್ಗಿನ ನೆರಳಿಗೆ ಮೆಚ್ಚಿದನೋ ನನಗೆ ಇಂದಿಗೂ ಗೊತ್ತಿಲ್ಲ. ಹಾಳೆಗಳು ತಿರುಗಿ ಬರುವುದಿಲ್ಲ. ಹೆಡ್ ಮಾಸ್ತರರು ನನ್ನ ಬದ್ಧತೆಯ ಕಾಗದವನ್ನು ಹರಿಯದೆ ಕಡತದಲ್ಲೇ ಇಟ್ಟರು. ಮುಂದೆ ಬೇಕಾದೀತು ಎಂದರು.

ಮ್ಯಾಟ್ರಿಕ್ ಆಯಿತು. ಅರ್ಜಿ ಗಡುವಿಗೆ ಹನ್ನೊಂದು ದಿನ ಮೊದಲೇ ಹೋಯಿತು. ಕಾಲೇಜಿನ ಉತ್ತರ ಬಂದಾಗ ಚಾಚಾ ಅದನ್ನು ಓದಿಸಿ ಕೇಳಿ, ಮಡಚಿ ಜೇಬಿಗಿಟ್ಟು, ಮಗನಿಗೆಂದು ಹಾಸಿದ್ದ ಗೋಣಿಚೀಲವನ್ನು ಸುತ್ತಿ ಅಟ್ಟಕ್ಕೆ ಹಾಕಿದರು.

ಜೂನ್ ತಿಂಗಳ ಒಂದು ಸಂಜೆ ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಹುಡುಗ ಹೊಸ ಟ್ರಂಕಿನ ಮೇಲೆ ಕೂತಿದ್ದ. ನಕ್ಷೆ ಸುತ್ತಿಡಲೆಂದು ಚಾಚಾ ಮಾಡಿದ ಉದ್ದನೆಯ ತಗಡಿನ ಕೊಳವೆ ಅವನ ಕೈಯಲ್ಲಿತ್ತು. ಮುಚ್ಚಳ ಗಾಳಿಯೂ ಹೋಗದಂತೆ ಕೂತಿತ್ತು. ಗಾಡಿಯ ಗಂಟೆಯಾಯಿತು. ಹೇಳಬೇಕೆಂದಿದ್ದ ಬುದ್ಧಿಮಾತುಗಳೆಲ್ಲ ಮರೆತುಹೋಗಿ ನಾನು ಕೊಡೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸುತ್ತ ನಿಂತಿದ್ದೆ.

ಚಾಚಾ ಮಗನ ಭುಜ ಹಿಡಿದು ಎಬ್ಬಿಸಿ, ನನ್ನ ಎದುರಿಗೆ ತಿರುಗಿಸಿ ನಿಲ್ಲಿಸಿದರು.

"ಹೋಗೂ ಮುಂದ ಹೆಂಗ ಐತಿ ನೀವೂ ಒಮ್ಮೆ ನೋಡಿಟ್ಕೋರಿ ಮಾಸ್ತರ," ಎಂದರು. "ತಿರುಗಿ ಬಂದಾಗ ತಗ್ಗ ಕಂಡ್ರ ಯಾವುದು ನಮ್ಮದು, ಯಾವುದು ಅವರದು ಅಂತ ಗೊತ್ತಾಗಬೇಕಲ್ಲ."

ನೋಡಿದೆ. ಅಭ್ಯಾಸಬಲ, ಒಂದು ಕಣ್ಣು ತಾನಾಗಿ ಮುಚ್ಚಿಕೊಂಡಿತು.